ಭೀಮನ ಸೆಲ್ಲು

ಭೀಮನ ಸೊಂಟ ಹಾಜಿರಾಳ ತೋಳಳತೆಗೆ ಸಿಗುತ್ತಿರಲಿಲ್ಲ. ಶಾಲೆಯ ಕೋಣೆಯ ನೆಲದ ಮೇಲೆ ಮೊಣಕಾಲೂರಿ, ಕೆಂಪು ಮಕಮಲ್ಲಿನ ಅಂಗಿಯನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಬೆನ್ನ ಕಡೆ ಸೊಂಟಪಟ್ಟಿಯೊಳಗೆ ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದನ್ನು ಸಿಕ್ಕಿಸಲು ಅವಳು ಹೆಣಗುತ್ತಿದ್ದಳು.

"ಒಸಿ ಉಸ್ರು ಒಳಕ್ಕೆಳಕೊಳ್ಳಕ್ಕ," ಎಂದಳು.

"ಎಳ್ಕಂಡೇ ಇವ್ನಿ ಕಣವ್ವ. ಇದಕ್ಕಿಂತ ಎಳ್ಕಂಡ್ರೆ ಭೀಮ ಹೋಗಿ ನಕುಲ ಆಗ್ಬುಡ್ತಾನೆ."

ಕೋಣೆಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಧರ್ಮರಾಯ ಗೋಡೆಗೊರಗಿ ಎಲೆ ಅಡಿಕೆ ಹಾಕುತ್ತಿದ್ದಳು. ಕೃಷ್ಣ ಕನ್ನಡಿಯ ಮುಂದೆ ನಿಂತು ನವಿಲುಗರಿಯನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಭೀಮನ ವೇಷ ತೊಟ್ಟಿದ್ದವಳು ವೆಂಕಟಲಕ್ಷ್ಮಮ್ಮ. ಮೊಮ್ಮಗು ಕಂಡ ಹೆಂಗಸು, ಗುಡೇಮಾರನಹಳ್ಳಿಯಲ್ಲಿ ಎರಡು ಎಕರೆ ಹಿಪ್ಪುನೇರಳೆ ತೋಟದ ಒಡತಿ. ಕಾಡಿಗೆಯಲ್ಲಿ ಬರೆದ ಮೀಸೆ ಅವಳ ಎರಡೂ ಕೆನ್ನೆಗಳ ಮೇಲೆ ಕುಡಿಗೋಲಿನಂತೆ ಬಾಗಿ ನಿಂತಿತ್ತು. ಹಾಜಿರಾ ಪೆಟ್ಟಿಗೆಯನ್ನು ಸಿಕ್ಕಿಸಿ, ಅದರಿಂದ ಹೊರಟ ತೆಳ್ಳನೆ ತಂತಿಯನ್ನು ಬೆನ್ನ ಮೇಲಿಂದ ಹಾಯಿಸಿ, ಕಿವಿಗೆ ಸಿಕ್ಕಿಸಿ, ತುದಿಯಲ್ಲಿದ್ದ ಕಾಳಿನಷ್ಟು ಮೈಕನ್ನು ಮೀಸೆಯ ಪಕ್ಕಕ್ಕೆ ಅಂಟಿಸಿದಳು. ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ಒಳಗೆ ಎರಡು ಸೆಲ್ಲುಗಳಿದ್ದವು, ಚಾರ್ಜು ಮಾಡಿ ಮತ್ತೆ ಮತ್ತೆ ಬಳಸುವಂಥವು.

ಆ ಸೆಲ್ಲುಗಳ ಬಗ್ಗೆ ಹಾಜಿರಾಳ ಗಂಡ ಶುಕೂರನಿಗೆ ನಂಬಿಕೆಯಿರಲಿಲ್ಲ.

ಶುಕೂರನದು ಚನ್ನಪಟ್ಟಣದಲ್ಲಿ ಮೈಕ್‌ಸೆಟ್ ಅಂಗಡಿ. ಮದುವೆ, ಉರುಸು, ಮೆರವಣಿಗೆ, ನಾಟಕ ಯಾವುದಾದರೂ ಸರಿ, ಮಾಗಡಿಯಿಂದ ಕನಕಪುರದವರೆಗೆ ಅವನ ಟೆಂಪೊ ಹೋಗದ ಹಳ್ಳಿಯಿರಲಿಲ್ಲ. ಈಚೆಗಷ್ಟೆ ಅವನು ಮೈಮೇಲೆ ಧರಿಸುವ, ತಂತಿ ಎಳೆಯಬೇಕಿಲ್ಲದ ಮೈಕುಗಳ ಒಂದು ಪೆಟ್ಟಿಗೆಯನ್ನು ತಂದಿದ್ದ. ಆ ಸುದ್ದಿ ಹೇಗೋ ಕಿವಿಗೆ ಬಿದ್ದು, ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಮುನಿರತ್ನಮ್ಮ ಅಂಗಡಿಗೆ ಬಂದಳು. ಎತ್ತರದ ಹೆಂಗಸು. ಬಿಸಿಲಿಗೆ ಹೊದ್ದ ಟವೆಲನ್ನು ತೆಗೆದು ಗಾಜಿನ ಮೇಜಿನ ಮೇಲಿಟ್ಟು, "ನಾನು ದುರ್ಯೋಧನ," ಎಂದಳು.

ಶುಕೂರನಿಗೆ ಊಟ ತಂದಿದ್ದ ಹಾಜಿರಾ ಕ್ಯಾರಿಯರ್ ಹಿಡಿದುಕೊಂಡೇ ಅವಳತ್ತ ನೋಡಿದಳು.

"ನಮ್ಮೂರಾಗೆ ಹೆಂಗಸ್ರೇ ಕೂಡ್ಕಂಡು ಕುರುಕ್ಷೇತ್ರ ಆಡ್ತೀವಿ. ಹಗಲು ನಾಟಕ. ರಾತ್ರಿ ಆಡಕ್ಕೆ ಆಗಕಿಲ್ಲ, ರೇಸ್ಮೆ ಹುಳಕ್ಕೆ ಸೊಪ್ಪಾಕೋರ್ ಯಾರು? ಗಂಡಸ್ರ ನಾಟ್ಕದಾಗೆ ನೋಡಿವ್ನಿ, ಮೇಲಿಂದ ಮೈಕ್ ತೂಗಾಕಿರ್ತೀರ. ಸಾಯೋ ಕರ್ಣನೂ ಅದರ ತಾವಿಕ್ಕೆ ಓಡ್ಬಂದು ಕೂಗಿ, ಆಮ್ಯಾಕೆ ವಾಪಸ್ ಓಡೋಗಿ ಬಿದ್ದು ಸಾಯ್ತಾನೆ. ನಮಗೆ ಅದು ಬ್ಯಾಡ. ಕಿವೀಗೆ ಸಿಗಾಕ್ಕಳೋ ಮೈಕ್ ಬೇಕು."

ಶುಕೂರ್ ನಗುತ್ತಲೇ ಒಪ್ಪಿದ. ಆಮೇಲೆ ಮುನಿರತ್ನಮ್ಮ ಇನ್ನೊಂದು ಮಾತು ಹೇಳಿದಳು. "ಎಸೆಯೋ ಸೆಲ್ಲು ತರ್ಬ್ಯಾಡಿ. ಚಾರ್ಜ್ ಹಾಕೋದೇ ತರ್ಬೇಕು."

ಅವನ ನಗು ನಿಂತಿತು. ಮೇಜಿನ ಖಾನೆಯಿಂದ ಎರಡು ಬಗೆಯ ಸೆಲ್ಲುಗಳನ್ನು ತೆಗೆದು ಗಾಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದ. "ಇದು ನೋಡಮ್ಮ, ಎಸೆಯೋದು. ಸಾಯೋ ಮುಂಚೆ ಹೇಳಿ ಸಾಯ್ತದೆ. ನನ್ನ ಮಿಷನ್ನಲ್ಲಿ ಗೆರೆ ಒಂದೊಂದೇ ಇಳೀತಾ ಬರ್ತದೆ, ನಾನು ಹೋಗಿ ಬದಲಾಯಿಸಿ ಬರ್ತೀನಿ. ಇದು ಚಾರ್ಜಿಂಗ್‌ದು. ಕೊನೇ ಗಳಿಗೆವರೆಗೂ ಜೋರಾಗೇ ಇರ್ತದೆ, ಏನೂ ತೋರಿಸಲ್ಲ. ಆಮೇಲೆ ದೀಪ ಊದಿದಂಗೆ ಹೊಂಟೋಗ್ತದೆ. ಒಂದು ಮದುವೇಲಿ ಹಿಂಗೇ ಆಯ್ತು. ಹುಡುಗಿ ತಾತ ಆಶೀರ್ವಾದ ಮಾಡ್ತಾ ಇದ್ದವ್ರು ಬರೀ ಬಾಯಿ ಆಡಿಸ್ತಾ ನಿಂತ್ಬಿಟ್ರು. ಅವತ್ತಿಂದ ನಾನು ಇದನ್ನ ದೊಡ್ಡ ಪ್ರೋಗ್ರಾಮಿಗೆ ಹಾಕಲ್ಲ."

"ಕೊನೇಗಂಟ ಜೋರಾಗಿರ್ತದೆ ಅಂದ್ಮ್ಯಾಲೆ ಅದೇ ಚೆಂದ ಅಲ್ವಾ?"

"ಕೊನೆ ಯಾವುದು ಅಂತ ಗೊತ್ತಾಗಬೇಕಲ್ಲಮ್ಮ."

ಮುನಿರತ್ನಮ್ಮ ಎಸೆಯುವ ಸೆಲ್ಲನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದಳು. "ಹೋದ ವರ್ಸ ಗಂಡಸ್ರ ನಾಟ್ಕ ಆಯ್ತು. ಸ್ಟೇಜಿನ ಹಿಂದ್ಕೆ ನಮ್ಮ ತಿಪ್ಪೆ. ಬ್ಯಾಟ್ರಿಗೆ, ಮೈಕಿಗೆ, ಅದ್ಕೆ ಇದ್ಕೆ ಅಂತ ಹಾಕ್ಕಂಡು, ಮುಗಿದ ಸೆಲ್ಲೆಲ್ಲ ಅಲ್ಲೇ ಎಸೆದೋಗವ್ರೆ. ಗೊಬ್ರದ ಜೊತೆ ತೋಟಕ್ಕೋಗ್ಬುಡ್ತು. ಆ ಸಲ ನಾಕ್ನೇ ಜ್ವರ ಎದ್ದು, ಪೊರೆ ಬಿಟ್ಟು, ಇನ್ನೇನು ಗೂಡು ಕಟ್ಬೇಕಾಗಿದ್ದ ಹುಳ ತಟ್ಟೆ ತಟ್ಟೆನೇ ಕಪ್ಪಾಗಿ ಸತ್ತೋಯ್ತು. ಸೆಲ್ಲಿಂದ್ಲೇ ಅಂತ ನಾನೇಳಕಿಲ್ಲ. ರೇಸ್ಮೆ ಡಿಪಾರ್ಟ್‌ಮೆಂಟ್‌ನೋರೂ ಹೇಳ್ನಿಲ್ಲ. ಆದ್ರೂವೆ, ಬೀಡಿ ಸೇದಿದ ಕೈ ತಗುಲಿದ್ರೆ ಸಾಯೋ ಹುಳ ಅದು. ನಾಟ್ಕ ಕಟ್ಟಿರೋ ಹೆಂಗಸ್ರೆಲ್ಲ ಹುಳ ಮೇಯ್ಸೋರು. ಊರೊಳಕ್ಕೆ ಆ ಸೆಲ್ಲು ಬರಂಗಿಲ್ಲ ಅಂತ ಮಾತಾಡ್ಕಂಡಿವಿ."

ಹಾಜಿರಾ ಕ್ಯಾರಿಯರನ್ನು ಮೇಜಿನ ಮೇಲಿಟ್ಟು, "ನಮ್ಮ ಮಂಚದ ಕೆಳಗೂ ಒಂದು ಚೀಲ ಐತೆ. ಸತ್ತ ಸೆಲ್ಲಿಂದು. ಎಲ್ಲಿ ಎಸೆಯೋದು ಅಂತ ಇವ್ರಿಗೂ ಗೊತ್ತಿಲ್ಲ. ಬೇಸಿಗೇಲಿ ಅದರಿಂದ ನೀರು ಒಸರ್ತದೆ," ಎಂದಳು.

ಶುಕೂರ್ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಮುನಿರತ್ನಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವೂ ಬರ್ಬೇಕು ಕಣವ್ವ. ಸೊಂಟಕ್ಕೆ ಕಟ್ಟೋದಂತೆ, ಅಂಗಿಯೊಳಗೆ ತಂತಿ ಹಾಯ್ಸೋದಂತೆ. ನಿಮ್ಮ ಯಜಮಾನ್ರು ಆ ಕೆಲ್ಸ ಮಾಡಕ್ಕಾದದಾ?" ಎಂದಳು.

ಹೀಗಾಗಿ, ಗಂಡ ಇಷ್ಟು ವರ್ಷ ಹೋಗಿಬರುತ್ತಿದ್ದ ಆ ಲೋಕಕ್ಕೆ ಹಾಜಿರಾ ಮೊದಲ ಸಲ ಹೊರಟಳು. ಮನೆಯಲ್ಲಿ ಅವಳು ಗೊಂಬೆಗಳಿಗೆ ಅರಗಿನ ಬಣ್ಣ ಹಾಕುವವಳು. ನಾಟಕದ ಹಿಂದಿನ ವಾರ ಬಣ್ಣದ ಕಡ್ಡಿಗಳ ಪಕ್ಕದಲ್ಲೇ ಚಾರ್ಜರುಗಳನ್ನು ಜೋಡಿಸಿಟ್ಟು, ಸೆಲ್ಲುಗಳನ್ನು ತುಂಬಿಸಿ, ಟಾರ್ಚಿಗೆ ಹಾಕಿ ಉರಿಸಿ ನೋಡಿ, ಬೇಗ ಸೋತವನ್ನು ಬೇರೆ ತೆಗೆದಿಟ್ಟಿದ್ದಳು. ಉಳಿದವನ್ನು ಗೊಂಬೆಗಳಂತೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದಳು.

ಗುಡೇಮಾರನಹಳ್ಳಿಯಲ್ಲಿ ಟೆಂಪೊ ಇಳಿಯುತ್ತಿದ್ದಂತೆ ಹುಚ್ಚಯ್ಯ ಎದುರಾದ. ವೆಂಕಟಲಕ್ಷ್ಮಮ್ಮನ ಗಂಡ. ಊರ ಗಂಡಸರ ನಾಟಕ ಸಂಘಕ್ಕೆ ಅವನೇ ಹಿರಿಯ. ಹರೆಯದಿಂದ ಹಲ್ಲು ಬಿದ್ದುಹೋಗುವವರೆಗೂ ಭೀಮನ ಪಾತ್ರ ಮಾಡಿದವನು ಅವನೇ. ಸುತ್ತಲ ಹಳ್ಳಿಗಳಲ್ಲಿ ಅವನ ಹೆಸರೇ ಭೀಮಣ್ಣ ಎಂದಾಗಿತ್ತು.

"ಬಂದ್ಯಾ ಶುಕೂರಣ್ಣ? ಭೀಮನ ಪಾರ್ಟು ಹೆಂಗಸ್ರ ಗಂಟಲಿಗೆ ಕೂರೋದಲ್ಲ ಅಂತ ಎಷ್ಟ್ ಹೇಳಿದ್ರೂ ಇವ್ಳು ಕೇಳ್ನಿಲ್ಲ. ಆಗ್ಲಿ. ಗದಾಯುದ್ಧದಾಗೆ ಮಾತ್ರ ಮೈಕ್ ಕೈಕೊಟ್ಟುದೋ, ನಮ್ಮ ಸಂಘದ ನಾಟ್ಕಕ್ಕೂ ನೀನು ಬರಂಗಿಲ್ಲ, ಈಗ್ಲೇ ಹೇಳಿವ್ನಿ."

ಆ ಮಾತಿನಲ್ಲಿ ಬೆದರಿಕೆಗಿಂತ ದಿಗಿಲೇ ಹೆಚ್ಚಿದ್ದಂತೆ ಹಾಜಿರಾಳಿಗೆ ತೋರಿತು. ಶುಕೂರನಿಗೆ ಹಾಗನ್ನಿಸಲಿಲ್ಲ. ಅವನು ಟೆಂಪೊದ ಮರೆಗೆ ಹೋಗಿ, ಸೀಟಿನಡಿಯಿಂದ ಎಸೆಯುವ ಸೆಲ್ಲುಗಳ ಒಂದು ಹೊಸ ಪಾಕೀಟನ್ನು ತೆಗೆದು ಅಂಗಿಯ ಜೇಬಿಗಿಳಿಸಿದ್ದನ್ನು ಅವಳು ಕಂಡಳು.

ನಾಟಕ ಬೆಳಗಿನ ಬಿಸಿಲಿಗೇ ಶುರುವಾಯಿತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಅದರಡಿ ಬಾಡಿಗೆ ಕುರ್ಚಿಗಳು, ಆಚೆ ಹಾಸುಬಂಡೆಯ ಗುಡ್ಡ. ಮುಂದಿನ ಸಾಲಿನಲ್ಲಿ ಗಂಡಸರ ಸಂಘದವರು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಶುಕೂರ್ ಜನರ ಹಿಂಬದಿಯಲ್ಲಿ ಮೇಜು ಹಾಕಿಕೊಂಡು, ಗುಂಡಿಗಳ ಪೆಟ್ಟಿಗೆಯ ಮುಂದೆ ಕುಳಿತ. ಯಾರ ಸರದಿ ಬಂದಿತೋ ಅವರ ಮೈಕಿನ ಗುಂಡಿಯನ್ನು ಮೇಲಕ್ಕೆ ಸರಿಸುವುದು, ಒಳಹೋದೊಡನೆ ಕೆಳಕ್ಕಿಳಿಸುವುದು, ಇದೇ ಅವನ ಕೆಲಸ.

ಮುನಿರತ್ನಮ್ಮ ಕಿರೀಟ ಹೊತ್ತು ರಂಗಕ್ಕೆ ಬಂದಾಗ ಹಾಜಿರಾ ಬದಿಯ ಪರದೆಯ ಸಂದಿಯಲ್ಲಿ ನಿಂತಿದ್ದಳು. ದುರ್ಯೋಧನ ಯಾರತ್ತಲೂ ಓಡಲಿಲ್ಲ. ರಂಗದ ತೀರ ಹಿಂದೆ, ಸಿಂಹಾಸನದಲ್ಲಿ ಒರಗಿಕೊಂಡೇ, ಮೀಸೆಯಂಚನ್ನು ಬೆರಳಲ್ಲಿ ತೀಡುತ್ತ ಮಾತಾಡಿದ. ಆ ಮೆಲುಮಾತು ಶಾಲೆಯ ಬೇಲಿಯಾಚೆಗಿದ್ದ ಐಸ್‌ಕ್ಯಾಂಡಿ ಗಾಡಿಯವನ ಕಿವಿಯವರೆಗೂ ಹೋಯಿತು. ಜನ ತಲೆಯೆತ್ತಿ, ಮೈಕು ಎಲ್ಲಿದೆಯೆಂದು ರಂಗದ ಮೇಲೆಲ್ಲ ಹುಡುಕಿದರು. ಅಷ್ಟು ಸಣ್ಣ ಕಾಳಿನೊಳಕ್ಕೆ ಹೋದ ಉಸಿರು ಇಷ್ಟು ದೊಡ್ಡದಾಗಿ ಹೊರಬರುವುದನ್ನು ಕಂಡು, ತನ್ನ ಕೈಯಿಂದಲೇ ಅದನ್ನು ಕಟ್ಟಿದ್ದ ಹಾಜಿರಾಳಿಗೂ ಮೈ ಜುಮ್ಮೆಂದಿತು.

ಭೀಮನ ಗತಿ ಮಾತ್ರ ಬೇರೆಯಾಯಿತು. ವೆಂಕಟಲಕ್ಷ್ಮಮ್ಮ, ಗಂಡ ಮನೆಯಲ್ಲಿ ಪಾಠ ಒಪ್ಪಿಸುವಾಗ ರೊಟ್ಟಿ ತಟ್ಟುತ್ತ ಕೇಳಿಸಿಕೊಂಡಿದ್ದವಳು. ಕೇಳಿಸಿಕೊಂಡ ಹಾಗೆಯೇ ಅಬ್ಬರಿಸಿದಳು. ಗಂಟಲನ್ನು ಹಿಂಡಿ ಹಿಂಡಿ ದಪ್ಪ ಮಾಡಿಕೊಂಡು, ಗಂಡ ಎಲ್ಲಿ ಕೆಮ್ಮುತ್ತಿದ್ದನೋ ಅಲ್ಲೇ ತಾನೂ ಕೆಮ್ಮಿ, ಎಲ್ಲಿ ತೊಡೆ ತಟ್ಟುತ್ತಿದ್ದನೋ ಅಲ್ಲೇ ತಟ್ಟಿದಳು.

"ಲೇ, ಹುಚ್ಚಯ್ಯನ ಗಂಟ್ಲೇ ಸೀರೆ ಉಟ್ಕಂಡು ಬಂದೈತೆ ಕಣ್ಲಾ!" ಎಂದು ಮುಂದಿನ ಸಾಲಿನಲ್ಲಿ ಯಾರೋ ಕೂಗಿದರು. ಶಾಮಿಯಾನವೆಲ್ಲ ನಕ್ಕಿತು. ಹುಚ್ಚಯ್ಯ ನಗಲಿಲ್ಲ. ತಲೆ ತಗ್ಗಿಸಿ ಟವೆಲಿನ ದಾರ ಕೀಳುತ್ತ ಕುಳಿತ.

ಪ್ರತಿ ಸಲ ಒಳಬಂದಾಗಲೂ ವೆಂಕಟಲಕ್ಷ್ಮಮ್ಮ ಒಂದು ಚೊಂಬು ನೀರು ಕುಡಿದು, "ನಗ್ತಾವ್ರಾ ಇನ್ನೂ?" ಎಂದು ಹಾಜಿರಾಳನ್ನು ಕೇಳುತ್ತಿದ್ದಳು. "ನಗ್ಲಿ ಬುಡು. ಗದಾಯುದ್ಧ ಒಂದು ಮುಗುದೋದ್ರೆ ಸಾಕು ನಂಗೆ."

ಹಾಡುಗಳಿಗೆ ಜನ ಒನ್ಸ್‌ಮೋರ್ ಕೂಗಿದರು. ಪಾತ್ರಧಾರಿಗಳಿಗೆ ಹಾರ ಹಾಕಲು ನೆಂಟರು ಸಾಲುಗಟ್ಟಿ ರಂಗ ಹತ್ತಿದರು. ಹೀಗೆ ನಾಟಕ ಎಳೆದೆಳೆದು, ಕರ್ಣ ಸಾಯುವ ಹೊತ್ತಿಗೆ ಬಿಸಿಲು ಹಳದಿಯಾಗಿ ಶಾಮಿಯಾನದ ಕೆಳಗೆ ಅಡ್ಡಡ್ಡ ಬರತೊಡಗಿತು. ಹುಳಕ್ಕೆ ಸಂಜೆಯ ಸೊಪ್ಪು ಹಾಕುವ ಹೊತ್ತು. ವೆಂಕಟಲಕ್ಷ್ಮಮ್ಮನ ಸೊಸೆ ಎಳೆಕೂಸನ್ನು ವೇಷದ ಕೋಣೆಯ ಮೂಲೆಯಲ್ಲಿ ಕಂಬಳಿಯ ಮೇಲೆ ಮಲಗಿಸಿ, "ಮಲಗೈತೆ, ಎದ್ರೆ ಒಸಿ ನೋಡ್ಕಳಿ, ಸೊಪ್ಪಾಕಿ ಓಡ್ಬತ್ತೀನಿ," ಎಂದು ಮನೆಯತ್ತ ಓಡಿದಳು.

ಅದೇ ಹೊತ್ತಿಗೆ ಶುಕೂರ್ ದೂರದಿಂದ ಕೈಬೀಸಿ ಕರೆಯುವುದು ಹಾಜಿರಾಳಿಗೆ ಕಂಡಿತು. ಅವಳು ಕುರ್ಚಿಗಳನ್ನು ಸುತ್ತಿ ಬಳಸಿ ಅವನ ಮೇಜಿಗೆ ಹೋದಳು. ಅವನ ಹಣೆಯಲ್ಲಿ ಬೆವರು ಸಾಲಿಟ್ಟಿತ್ತು.

"ಭೀಮನ ಪೆಟ್ಟಿಗೆ ಬೆಳಗ್ಗೆಯಿಂದ ಓಡ್ತಾ ಇದೆ. ಮಿಷನ್ನಲ್ಲಿ ಗೆರೆ ಪೂರ್ತಿ ತೋರಿಸ್ತಿದೆ, ಅದನ್ನ ನಂಬೋ ಹಾಗಿಲ್ಲ. ತುಂಬಿಸಿ ತಂದಿದ್ದು ಇನ್ನು ಯಾವುದಾದರೂ ಇದೆಯಾ?"

"ಎಲ್ಲ ಬೇರೆಯವ್ರ ಪೆಟ್ಟಿಗೆಗೆ ಹಾಕಿಬಿಟ್ಟೆ. ನಾಟಕ ಇಷ್ಟು ಉದ್ದ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಅವನು ಜೇಬಿನಿಂದ ಎರಡು ಹೊಸ ಸೆಲ್ಲು ತೆಗೆದು ಅವಳ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದ. "ಇವನ್ನ ಹಾಕಿಬಿಡು. ದುರ್ಯೋಧನ ಕೊಳದಲ್ಲಿ ಅಡಗಿ ಕೂತ್ಕೋತಾನೆ, ಭೀಮ ಒಳಗಿಂದಲೇ ಕೂಗಿ ಕರೀಬೇಕು. ಆ ಕೂಗಿಗೆ ಮುಂಚೆ ಹಾಕಿರಬೇಕು."

"ಮುನಿರತ್ನಮ್ಮಂಗೆ ಮಾತು ಕೊಟ್ಟಿದ್ದೀವಿ."

"ನಾನೇ ವಾಪಸ್ ತಗೊಂಡು ಹೋಗ್ತೀನಿ, ಇಲ್ಲಿ ಎಸೆಯಲ್ಲ. ಹೋಗು, ಹೊತ್ತಾಯ್ತು."

ಅವಳು ಹೊರಟಾಗ ರಂಗದ ಮೇಲೆ ಕೊಳ ಹಾಸಿದ್ದರು. ಇಬ್ಬರು ಹೆಂಗಸರು ನೀಲಿ ಸೀರೆಯೊಂದನ್ನು ಎರಡೂ ತುದಿ ಹಿಡಿದು ಅಲೆಯಂತೆ ಬೀಸುತ್ತಿದ್ದರು. ದುರ್ಯೋಧನ ಸತ್ತವರ ಹೆಸರನ್ನೆಲ್ಲ ಹಿಡಿದು ಅತ್ತು, ಸೀರೆಯ ಅಡಿಗೆ ನುಸುಳಿ ಮಲಗಿಬಿಟ್ಟ. ಹಾರ್ಮೋನಿಯಂ ನಿಂತಿತು. ಇನ್ನು ಭೀಮ ಕೂಗಬೇಕು. ದಾರಿಯಲ್ಲಿ ಜನ ಕಾಲು ಚಾಚಿ ಕುಳಿತಿದ್ದರು. ಹಾಜಿರಾ ಸೆಲ್ಲುಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು, "ಒಸಿ ಜಾಗ, ಒಸಿ ಜಾಗ" ಎನ್ನುತ್ತ ನುಗ್ಗಿದಳು. ಅವಳಿನ್ನೂ ಅರ್ಧ ದಾರಿಯಲ್ಲಿರುವಾಗಲೇ ಶಾಮಿಯಾನದ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಕೂಸೊಂದು ಕಿಟಾರನೆ ಅತ್ತಿತು.

ಜನ ಬೆಚ್ಚಿದರು.

"ಬಂದೆ ಕಣವ್ವ, ಬಂದೆ ಕಣವ್ವ, ಅಳ್ಬ್ಯಾಡ," ಎಂದು ಭೀಮನ ದನಿ ಗುಡ್ಡದವರೆಗೂ ಮೊಳಗಿತು.

ನಗು ಎದ್ದಿತು. ಮುಂದಿನ ಸಾಲಿನವರು ತೊಡೆ ಬಡಿದುಕೊಂಡು ನಕ್ಕರು. "ದುರ್ಯೋಧನಾ, ಎದ್ದೇಳೋ, ಭೀಮಂಗೆ ಬಾಣಂತನ!" ಎಂದು ಒಬ್ಬ ಕೂಗಿದ. ಹಾಜಿರಾ ತಿರುಗಿ ಗಂಡನತ್ತ ನೋಡಿದಳು. ಭೀಮನ ಕೂಗಿಗೆಂದು ಮೇಲೆ ಸರಿಸಿದ್ದ ಗುಂಡಿಯ ಮೇಲೆ ಅವನ ಬೆರಳಿತ್ತು. ಕೆಳಗಿಳಿಸಿದರೆ ಮುಗಿಯುತ್ತಿತ್ತು. ಆಗ ಸ್ಪೀಕರುಗಳಲ್ಲಿ ಹಾಡು ಶುರುವಾಯಿತು.

*ಹೊಟ್ಟೆ ತುಂಬಿದ ಹುಳ ತಲೆಯೆತ್ತಿ ಮಲಗ್ಯಾವೆ*
*ತಟ್ಟೆ ಅಲುಗೀತು, ಮೆಲ್ಲಕೆ ನಡಿಯೋ ಗಾಳಿ…*

ಅದು ಬೆಳಗಿನಿಂದ ಕೇಳುತ್ತಿದ್ದ ಗಂಟಲಾಗಿರಲಿಲ್ಲ. ಒಂಚೂರು ಒಡೆದ, ಅಂಚಿನಲ್ಲಿ ನವಿರಾಗಿ ನಡುಗುವ, ಎಲ್ಲಿಯೂ ಅವಸರವಿಲ್ಲದ ದನಿ. ಎಷ್ಟು ಹತ್ತಿರದಿಂದ ಬಂದಿತೆಂದರೆ ಸಾಲುಗಳ ನಡುವೆ ಉಸಿರು ಎಳೆದುಕೊಂಡದ್ದೂ ಕೇಳಿಸಿತು, ಕೂಸಿನ ಬಿಕ್ಕು ಒಂದೊಂದಾಗಿ ಸಣ್ಣದಾಗುವುದೂ ಕೇಳಿಸಿತು. ಕಿವಿಗಾನಿಸಿದ ಬಾಯಿ ಹಾಡುವ ಹಾಗಿತ್ತು, ಆದರೆ ಅಂಗಳದಲ್ಲಿದ್ದ ಪ್ರತಿಯೊಬ್ಬರ ಕಿವಿಗೂ. ನಗುತ್ತಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಐಸ್‌ಕ್ಯಾಂಡಿಯವನು ಗಂಟೆಯ ನಾಲಗೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ. ಶುಕೂರನ ಬೆರಳು ಗುಂಡಿಯ ಮೇಲೇ ಇತ್ತು, ಅಲುಗಲಿಲ್ಲ.

ಹಾಜಿರಾ ಓಡಿ ಕೋಣೆ ಸೇರಿದಳು.

ವೆಂಕಟಲಕ್ಷ್ಮಮ್ಮ ಬಾಗಿಲಿಗೆ ಬೆನ್ನು ಹಾಕಿ, ಗದೆಯನ್ನು ಪಕ್ಕಕ್ಕಿಟ್ಟು, ಕಾಲು ನೀಡಿ ಕುಳಿತಿದ್ದಳು. ಮೊಣಕಾಲುಗಳ ಮೇಲೆ ಕೂಸು. ಭುಜಕೀರ್ತಿಗಳ ನಡುವೆ, ಆ ದೊಡ್ಡ ಟೋಪನ್ನಿನ ಕೂದಲು ಕಿವಿಯ ಮೇಲೆ ಬಿದ್ದು, ಹೊರಗಿನದು ಅವಳಿಗೆ ಏನೂ ಕೇಳಿಸುತ್ತಿರಲಿಲ್ಲವೆಂದು ತೋರುತ್ತಿತ್ತು. ಕಣ್ಣು ಮುಚ್ಚಿ, ತೊಡೆಯನ್ನು ಹಗುರವಾಗಿ ಆಡಿಸುತ್ತ, ಮೀಸೆಯನ್ನು ಕೂಸಿನ ಹಣೆಗೆ ತಾಗಿಸಿ ಹಾಡುತ್ತಿದ್ದಳು. ಸೊಂಟದ ಹಿಂದೆ, ಮೇಲಕ್ಕೆ ಸರಿದು ಸಿಕ್ಕಿಕೊಂಡ ಅಂಗಿಯ ಕೆಳಗೆ, ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು.

ಕೈಚಾಚಿದರೆ ಸಿಗುವಷ್ಟು ದೂರ. ಮುಚ್ಚಳ ತೆಗೆದು ಸೆಲ್ಲು ಬದಲಾಯಿಸಲು ಎಷ್ಟು ಹೊತ್ತು? ಆದರೆ ಮುಚ್ಚಳ ತೆಗೆದೊಡನೆ ಹಾಡು ಹೊರಗೆ ಅಲ್ಲಿಗೇ ಕತ್ತರಿಸಿ ಬೀಳುತ್ತದೆ. ಹಾಜಿರಾ ಮೊಣಕಾಲೂರಿದಳು. ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು. ಅಲ್ಲಿಗೇ ಕೈ ತಡೆದಳು.

ಹಾಡು ಅವಳಿಗೆ ಎರಡು ಕಡೆಯಿಂದ ಕೇಳುತ್ತಿತ್ತು. ಇಲ್ಲಿ, ಬೆನ್ನಿನಾಚೆ, ಒಂದು ಕೂಸಿಗಾಗುವಷ್ಟು ಸಣ್ಣದು. ಹೊರಗೆ, ಅದೇ ಹಾಡು ಅಂಗಳವನ್ನು ತುಂಬಿ, ಹಾಸುಬಂಡೆಗೆ ಹೋಗಿ ಮುಟ್ಟಿ, ಒಂದು ಗಳಿಗೆ ತಡವಾಗಿ ಮರಳಿ ಬರುತ್ತಿತ್ತು. ಗುಡ್ಡವೇ ಪಲ್ಲವಿ ಹೇಳಿದಂತಿತ್ತು. ಈ ದೀಪ ಯಾವ ಸಾಲಿಗೆ ಆರುತ್ತದೋ ಎಂದು ನೋಡುತ್ತ, ಒಂದೊಂದು ಸಾಲು ಮುಗಿದಾಗಲೂ ಇನ್ನೊಂದು, ಇನ್ನೊಂದೇ ಒಂದು ಎಂದು ಬೇಡಿಕೊಳ್ಳುತ್ತ ಅವಳು ಕುಳಿತಳು. ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಅದೂ ಮೈಕಿಗೆ ಹೋದೀತೇನೋ ಎಂದು ಅಂಗೈಯಿಂದ ಒತ್ತಿ ಹಿಡಿದಳು.

*ಎದ್ದ ಹುಳಕೆಲ್ಲ ನಾಳೆಗೆ ಸೊಪ್ಪೈತೆ*
*ನಿದ್ದೆ ಬಂದೈತೆ ನನ ಕೂಸಿಗೆ, ಕೂಗಬ್ಯಾಡ ಹಕ್ಕಿ…*

ತೆರೆದ ಬಾಗಿಲಿನಿಂದ ರಂಗದ ಒಂದು ಪಕ್ಕ ಕಾಣುತ್ತಿತ್ತು. ನೀಲಿ ಸೀರೆ ಹಿಡಿದಿದ್ದ ಇಬ್ಬರೂ ತಮಗೇ ತಿಳಿಯದೆ ಬೀಸು ನಿಧಾನ ಮಾಡಿದ್ದರು. ಕೊಳ ಈಗ ಹಾಡಿನ ಲಯಕ್ಕೆ, ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗುತ್ತಿತ್ತು. ಅದರ ನಡುವಿನಿಂದ ದುರ್ಯೋಧನನ ಕಿರೀಟ ಮೇಲೆದ್ದಿತು. ಭೀಮ ಹಂಗಿಸಿ ಕೂಗುವವರೆಗೂ ಅವನು ಏಳುವಂತಿರಲಿಲ್ಲ, ಪಾಠದಲ್ಲಿದ್ದದ್ದು ಹಾಗೆ. ಮುನಿರತ್ನಮ್ಮ ಎದೆಮಟ್ಟ ನೀರಿನಲ್ಲಿ ಎದ್ದು ಕುಳಿತು, ತಲೆ ಓರೆಮಾಡಿ ಆಲಿಸಿದಳು. ಬೆಳಗಿನಿಂದ ದೊಡ್ಡ ದೊಡ್ಡ ಗ್ರಂಥದ ಮಾತುಗಳನ್ನೇ ಆಡಿದ್ದವಳು, ಈಗ ಮನೆಯ ಜಗಲಿಯಲ್ಲಿ ಕುಳಿತವಳಂತೆ ಮೆಲ್ಲನೆ ಕೇಳಿದಳು:

"ಯಾರ ಮನೇಲಪ್ಪ ಇನ್ನೂವೆ ತೊಟ್ಟಿಲು ತೂಗ್ತಿರೋದು?"

ಹೊರಗೆ ಯಾರೋ ಹೆಂಗಸು ಗಟ್ಟಿಯಾಗಿ ಬಿಕ್ಕಿದಳು.

ಹಾಡು ತಾನಾಗಿಯೇ ಮುಗಿಯಿತು. ಕೂಸು ನಿದ್ದೆ ಹೋಗಿತ್ತು. ಹಣೆಯ ಮೇಲೆ ಕಾಡಿಗೆ ಮೀಸೆಯ ಮಸಿ ಹತ್ತಿತ್ತು. ವೆಂಕಟಲಕ್ಷ್ಮಮ್ಮ ಕಣ್ತೆರೆದು, ಹಿಂದೆ ಕುಳಿತಿದ್ದ ಹಾಜಿರಾಳನ್ನು ಕಂಡು ಗಾಬರಿಯಾದಳು.

"ಅಯ್ಯೋ, ಕೂಗೋ ಟೈಮಾಗೋಯ್ತಾ? ಬೈತಾವ್ರಾ ಎಲ್ಲಾ?"

ಹಾಜಿರಾ ಇಲ್ಲವೆಂದು ತಲೆಯಾಡಿಸಿದಳು. ಸೆಲ್ಲು ಬದಲಾಯಿಸಬೇಕೆಂದು ಹೇಳುವಷ್ಟರಲ್ಲಿ ವೆಂಕಟಲಕ್ಷ್ಮಮ್ಮ, "ಒಸಿ ಹಿಡ್ಕಳವ್ವ," ಎಂದು ಕೂಸನ್ನು ಅವಳ ತೋಳಿಗಿಟ್ಟು, ಗದೆಯನ್ನು ಹೆಗಲಿಗೇರಿಸಿ, ದಡದಡನೆ ರಂಗದತ್ತ ನಡೆದುಬಿಟ್ಟಳು. ಪರದೆ ದಾಟುತ್ತಲೇ ಎದೆಯುಬ್ಬಿಸಿ ಕೂಗಿದಳು.

"ಎಲವೋ ಕೌರವಾ!"

ಆ ಎರಡು ಮಾತಿಗೆ ಶಾಮಿಯಾನ ಅದುರಿತು. ಮೂರನೆಯ ಮಾತಿಗೆ ಸ್ಪೀಕರುಗಳಲ್ಲಿ ಏನೂ ಬರಲಿಲ್ಲ. ಭೀಮನ ಸೊಂಟದ ಹಿಂದಿನ ಹಸಿರು ದೀಪ ಆರಿಹೋಗಿದ್ದುದು ಬಾಗಿಲಲ್ಲಿ ನಿಂತ ಹಾಜಿರಾಳಿಗೆ ಕಂಡಿತು. ಒಂದು ಕೈಯಲ್ಲಿ ಕೂಸು, ಇನ್ನೊಂದು ಮುಷ್ಟಿಯಲ್ಲಿ ಸೆಲ್ಲು.

ವೆಂಕಟಲಕ್ಷ್ಮಮ್ಮ ಒಂದು ಗಳಿಗೆ ತಬ್ಬಿಬ್ಬಾಗಿ ನಿಂತಳು. ಮೀಸೆಯ ಪಕ್ಕದ ಮೈಕನ್ನು ಬೆರಳಿನಿಂದ ತಟ್ಟಿದಳು. ಆಮೇಲೆ ಉಸಿರೆಳೆದುಕೊಂಡು ಮಾತು ಮುಂದುವರಿಸಿದಳು. ಗಂಡನ ಹಿಂಡಿದ ಗಂಟಲು ಹೋಗಿತ್ತು. ಅದು ಮೈಕಿನ ಬಲವಿಲ್ಲದೆ ಹತ್ತು ಮಾರೂ ಹೋಗುವಂಥದ್ದಲ್ಲ. ಈಗ ಬಂದದ್ದು ತೋಟದ ಈ ಬದುವಿನಿಂದ ಆ ಬದುವಿನಲ್ಲಿರುವ ಆಳನ್ನು ಕರೆಯುವ ದನಿ. ನೆತ್ತಿಯಿಂದ ಹೊರಟು, ನೇರವಾಗಿ, ತೆಳ್ಳಗೆ, ದೂರ ಹೋಗುವ ದನಿ. ಆದರೂ ಹಿಂದಿನ ಸಾಲಿನವರು ಕತ್ತು ಚಾಚತೊಡಗಿದರು.

ಮುಂದಿನ ಸಾಲಿನಲ್ಲಿ ಹುಚ್ಚಯ್ಯ ಎದ್ದು ನಿಂತ. ಹಾಜಿರಾ ಕಣ್ಣು ಮುಚ್ಚಿಕೊಂಡಳು. ಅವನು ಕೂಗಾಡುತ್ತಾನೆ, ಶುಕೂರನನ್ನು ಕರೆದು ಎಲ್ಲರೆದುರು ಬೈಯುತ್ತಾನೆ ಎಂದುಕೊಂಡಳು. ಕಣ್ಣು ತೆರೆದಾಗ ಅವನು ಟವೆಲನ್ನು ಕೊಡವಿ, ರಂಗದ ಬುಡದಲ್ಲಿ ಬರಿ ಮಣ್ಣಿನ ಮೇಲೆ ಹಾಸಿ, ಹೆಂಡತಿಯ ಕಾಲಿನ ಹತ್ತಿರ ಚಕ್ಕಂಬಕ್ಕಳ ಹಾಕಿ ಕುಳಿತುಕೊಳ್ಳುತ್ತಿದ್ದ. ಹಿಂದಕ್ಕೆ ತಿರುಗಿ, "ಮುಂದುಕ್ ಬನ್ರಲಾ. ಕೇಳುಸ್ತದೆ," ಎಂದಷ್ಟೇ ಹೇಳಿದ.

ಜನ ಎದ್ದರು. ಹೆಂಗಸರು, ಮುದುಕರು, ಮಕ್ಕಳನ್ನೆತ್ತಿಕೊಂಡವರು, ಗಂಡಸರ ಸಂಘದವರು, ಎಲ್ಲರೂ ಕುರ್ಚಿ ಬಿಟ್ಟು, ನೂಕಾಡದೆ ಮುಂದೆ ಬಂದು ಒತ್ತಾಗಿ ನೆಲದ ಮೇಲೆ ಕುಳಿತರು. ರಂಗದ ಮೇಲೆ ದುರ್ಯೋಧನ ನೀರಿನಿಂದ ಹೊರಬಂದಿದ್ದ. ಅವನ ಮೈಕು ಇನ್ನೂ ಜೀವಂತವಾಗಿತ್ತು. ಅವನ ಉಸಿರಾಟ ಸ್ಪೀಕರುಗಳಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಮುನಿರತ್ನಮ್ಮ ಭೀಮನ ಮುಖ ನೋಡಿದಳು. ಮೆಲ್ಲಗೆ ಕೆನ್ನೆಯ ಮೇಲಿನ ಮೈಕನ್ನು ಕಿತ್ತು, ತಂತಿಯ ಸಮೇತ ಬೆನ್ನಿಗೆಸೆದಳು. ಉಸಿರಾಟ ಸ್ಪೀಕರುಗಳಿಂದ ಮಾಯವಾಗಿ, ಅವಳ ಎದೆಯಲ್ಲಷ್ಟೆ ಉಳಿಯಿತು. ಆಮೇಲೆ ಗದೆಯೆತ್ತಿದಳು.

ಹಾಜಿರಾ ಕೂಸನ್ನು ಎದೆಗೊತ್ತಿಕೊಂಡು ಬಾಗಿಲಿಂದ ಆಚೆ ಬಂದಳು. ಶಾಮಿಯಾನದಡಿ ಖಾಲಿ ಕುರ್ಚಿಗಳ ಸಾಲು, ಅವುಗಳ ಕಾಲುಗಳ ನಡುವೆ ಮಲಗಿದ್ದ ಸಂಜೆಬಿಸಿಲು. ಆ ಸಾಲುಗಳ ಹಿಂದೆ ಶುಕೂರನ ಮೇಜಿನ ಮೇಲೆ ಪುಟ್ಟ ದೀಪಗಳು ತಮ್ಮಷ್ಟಕ್ಕೆ ಮಿನುಗುತ್ತಿದ್ದವು. ಅಲ್ಲಿ ಯಾರೂ ಇರಲಿಲ್ಲ. ನೆಲದ ಮೇಲಿನ ಜನರ ಕೊನೆಯ ಅಂಚಿನಲ್ಲಿ, ಚಪ್ಪಲಿಯನ್ನು ಪಕ್ಕಕ್ಕೆ ಬಿಟ್ಟು, ಒಂದು ಅಂಗೈಯನ್ನು ಕಿವಿಯ ಹಿಂದೆ ಬಟ್ಟಲು ಮಾಡಿಕೊಂಡು, ಅವಳ ಗಂಡ ಮುಖವೆತ್ತಿ ಕುಳಿತಿದ್ದ.